ಚುಕ್ಕಿ ಎಷ್ಟು? ಚಿತ್ರ ಹೇಗೆ?

ಕಾಫಿ ಮತ್ತು ಕರಿಮೆಣಸಿನ ವ್ಯಾಪಾರ ಮಾಡುವ ಮುದುಕನೊಬ್ಬ ಮಕ್ಕಳ ವೀಡಿಯೋ ಆಟದ ಬಗ್ಗೆ ಬರೆಯಲು ಹೊರಟದ್ದು ಕಂಡು ನಿಮಗೆ ನಗು ಬರಬಹುದು. ನನ್ನ ವಿದ್ಯಾಭ್ಯಾಸ ಎಸ್.ಎಸ್.ಎಲ್.ಸಿ.ಗೆ ನಿಂತಿತು. ಅನಂತರ ಕಲ್ಪೆಟ್ಟದ ನಮ್ಮ ಅಂಗಡಿಯ ತಕ್ಕಡಿಯೇ ನನ್ನ ಶಾಲೆ. ಆದರೂ ಇದನ್ನು ಬರೆಯಲು ಕಾರಣವುಂಟು. ಈ ಆಟದ ಪೆಟ್ಟಿಗೆಯ ದೆಸೆಯಿಂದ 2025ರ ಮೇ ತಿಂಗಳಲ್ಲಿ ನನ್ನ ಬಾಯಿಂದ ಬರಬಾರದ ಒಂದು ಮಾತು ಬಂತು. ಅದನ್ನು ಸರಿಪಡಿಸಲು ಹೋಗಿ ನಾಲ್ಕು ವಿಷಯ ಕಲಿತೆ. ನಿಮ್ಮಲ್ಲೂ ಅನೇಕರ ಮನೆಗೆ ಈ ಪೆಟ್ಟಿಗೆ ಬಂದಿರುತ್ತದೆ, ಅದರ ಹಿಂದೆಯೇ ‘ಹೊಸ ಟಿ.ವಿ. ಬೇಕು’ ಎಂಬ ಹಟವೂ ಬಂದಿರುತ್ತದೆ.

ನನ್ನ ಮಗ, ಸೊಸೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹದಿನಾಲ್ಕು ವರ್ಷದ ಮೊಮ್ಮಗ ಬೇಸಿಗೆ ರಜೆಗೆ ನಮ್ಮಲ್ಲಿಗೆ ಬರುತ್ತಾನೆ. ಈ ಸಲ ಬರುವಾಗ ಚೀಲದಲ್ಲಿ ಬಟ್ಟೆಗಿಂತ ಮೊದಲು ಪ್ಲೇಸ್ಟೇಷನ್ 5 ಎಂಬ ಪೆಟ್ಟಿಗೆಯನ್ನು ತುಂಬಿಕೊಂಡಿದ್ದ. ಕೋವಿ ಹಿಡಿದು ಹೊಡೆಯುವ ಆಟ ನಮ್ಮ ಮನೆಯಲ್ಲಿ ಬೇಡ ಎಂದು ನಾನು ಫೋನಿನಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದೆ. ಹಾಗಾಗಿ ಕಾರು ಓಡಿಸುವ ಆಟ ತಂದ. ಫೋರ್ಜಾ ಹೊರೈಜನ್ 5 ಅದರ ಹೆಸರು. 2021ರಲ್ಲಿ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್‌ಗೆ ಮತ್ತು ಕಂಪ್ಯೂಟರಿಗೆ ಬಂದದ್ದು, 2025ರ ಏಪ್ರಿಲ್ ಕೊನೆಗೆ ಪ್ಲೇಸ್ಟೇಷನ್ನಿಗೂ ಬಂತು. ಮೆಕ್ಸಿಕೋ ದೇಶದ ಕಾಡು, ಮರುಭೂಮಿ, ಬೆಟ್ಟದ ರಸ್ತೆಗಳಲ್ಲಿ ಕಾರು ಓಡಿಸುವುದು. ಯಾರಿಗೂ ಪೆಟ್ಟಿಲ್ಲ, ಬೇಲಿಗೆ ಮಾತ್ರ ಪೆಟ್ಟು.

ಒಂದು ಶನಿವಾರ ನಾವೆಲ್ಲ ಸುಲ್ತಾನ್ ಬತ್ತೇರಿಯ ನನ್ನ ತಮ್ಮನ ಮನೆಗೆ ಹೋದೆವು. ಅವನಲ್ಲಿ 55 ಇಂಚಿನ 4ಕೆ ಟಿ.ವಿ. ಉಂಟು. ನಮ್ಮದು 2016ರಲ್ಲಿ ತಂದ 43 ಇಂಚಿನ ಫುಲ್ ಎಚ್.ಡಿ. ಪೆಟ್ಟಿಗೆಯನ್ನು ಅಲ್ಲಿಗೂ ಹೊತ್ತು ತಂದಿದ್ದ ಮೊಮ್ಮಗ ನೆಲದ ಮೇಲೆ ಟಿ.ವಿ. ಎದುರೇ ಕುಳಿತು ಆಡುತ್ತಾ, ‘ಅಜ್ಜಾ, ನಮ್ಮನೆ ಟಿ.ವಿ.ಯಲ್ಲಿ ಮರ ಎಲ್ಲ ಕಲಸಿದ ಹಾಗೆ ಕಾಣುತ್ತೆ. ಇಲ್ಲಿ ನೋಡಿ, ಒಂದೊಂದು ಎಲೆ ಬೇರೆ ಬೇರೆ ಕಾಣುತ್ತೆ. ನಮಗೂ ಇಂಥದ್ದೇ ಬೇಕು’ ಎಂದ. ಗೋಡೆಗೆ ತಾಗಿಸಿದ ಸೋಫಾದಲ್ಲಿ ಕುಳಿತಿದ್ದ ನಾನು ಕನ್ನಡಕ ಒರೆಸಿ ನೋಡಿದೆ. ನನಗೆ ಒಂದು ಎಳ್ಳಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ‘ಟಿ.ವಿ. ತೆಗೆಸುವುದಕ್ಕೆ ಸುಳ್ಳು ಹೇಳಬೇಡ’ ಎಂದುಬಿಟ್ಟೆ. ತಮ್ಮ, ನಾದಿನಿ, ಅವರ ಮಕ್ಕಳು ಎಲ್ಲರೂ ಇದ್ದರು. ಹುಡುಗ ಕೈಯಲ್ಲಿದ್ದ ಕಂಟ್ರೋಲರನ್ನು ಮೆಲ್ಲನೆ ಕೆಳಗಿಟ್ಟು ಜಗಲಿಗೆ ಹೋದ. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಸತ್ಯವನ್ನೇ ಹೇಳಬೇಕೆಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಅಂಥ ಮನೆಯ ಹುಡುಗನನ್ನು ನಾಲ್ಕು ಜನರೆದುರು ಸುಳ್ಳುಗಾರ ಎಂದದ್ದು ಹುಡುಗಾಟಿಕೆಯ ಮಾತಲ್ಲ. ‘ಅವನ ಕಣ್ಣು ಅವನದು, ನಿಮ್ಮ ಕಣ್ಣು ನಿಮ್ಮದು’ ಎಂದು ನಮ್ಮ ಮನೆಯವರು ಅಷ್ಟೇ ಹೇಳಿದರು. ನನ್ನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ.

ಬಂಡವಾಳ ಒಂದೇ

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಟಿ.ವಿ.ಯ ಚಿತ್ರವೆಂದರೆ ಸಾಲು ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು. ಫುಲ್ ಎಚ್.ಡಿ. ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080. ಗುಣಿಸಿದರೆ 20,73,600 ಚುಕ್ಕಿ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400. ಸರಿಯಾಗಿ ನಾಲ್ಕು ಪಟ್ಟು. ಸಿನಿಮಾ ಆದರೆ ಚಿತ್ರ ಮೊದಲೇ ಸಿದ್ಧವಾಗಿರುತ್ತದೆ, ಟಿ.ವಿ. ತೋರಿಸಿದರಾಯಿತು. ಆಟದಲ್ಲಿ ಹಾಗಲ್ಲ. ಹುಡುಗ ಎಡಕ್ಕೆ ತಿರುಗಿಸುತ್ತಾನೋ ಬಲಕ್ಕೋ ಯಾರಿಗೂ ಗೊತ್ತಿಲ್ಲವಾದ್ದರಿಂದ ಪ್ರತಿಯೊಂದು ಚಿತ್ರವನ್ನೂ ಪೆಟ್ಟಿಗೆ ಆ ಗಳಿಗೆಯಲ್ಲೇ ಬಿಡಿಸಬೇಕು. ಸೆಕೆಂಡಿಗೆ 60 ಚಿತ್ರ ಬೇಕಾದರೆ 4ಕೆಯಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ ಚುಕ್ಕಿಗಳಾದವು. ಒಂದೊಂದು ಚುಕ್ಕಿಗೂ ಬೆಳಕು ಎಲ್ಲಿಂದ ಬಂತು, ನೆರಳು ಎಲ್ಲಿ ಬಿತ್ತು, ಕಾರಿನ ಬಾನೆಟ್ಟಿನಲ್ಲಿ ಮೋಡದ ಪ್ರತಿಬಿಂಬ ಉಂಟೇ ಎಂದು ಲೆಕ್ಕ ಹಾಕಬೇಕು.

ಇಲ್ಲಿಗೆ ನನಗೆ ವಿಷಯ ಅರ್ಥವಾಯಿತು. ಪೆಟ್ಟಿಗೆಯ ಶಕ್ತಿ ಅಂಗಡಿಯ ಬಂಡವಾಳವಿದ್ದ ಹಾಗೆ, ಅದು ಇದ್ದಷ್ಟೇ. ಅದರಲ್ಲಿ ಹೆಚ್ಚು ಮೂಟೆ ಕೊಳ್ಳುತ್ತೀರೋ, ಕಡಿಮೆ ಮೂಟೆ ಒಳ್ಳೆಯ ಮಾಲು ಕೊಳ್ಳುತ್ತೀರೋ, ಅಥವಾ ಬೇಗ ಬೇಗ ಕೊಂಡು ಮಾರುತ್ತೀರೋ? ಚುಕ್ಕಿಯ ಸಂಖ್ಯೆ, ಒಂದೊಂದು ಚುಕ್ಕಿಯ ಗುಣ, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ವೇಗ – ಈ ಮೂರರಲ್ಲಿ ಒಂದನ್ನು ಏರಿಸಿದರೆ ಇನ್ನೊಂದು ಇಳಿಯಲೇಬೇಕು. ಮೆಣಸು ಕೊಳ್ಳುವಾಗ ನಾವು ಕಾಳು ಎಣಿಸುತ್ತೇವೆಯೇ? ಲೀಟರ್ ಪಾತ್ರೆಯಲ್ಲಿ ತುಂಬಿ ತೂಗುತ್ತೇವೆ. 550 ಗ್ರಾಂ ತೂಗಿದರೆ ಒಂದು ಬೆಲೆ, 500 ತೂಗಿದರೆ ಇನ್ನೊಂದು. ಪಾತ್ರೆ ಎರಡರಲ್ಲೂ ತುಂಬಿಯೇ ಇರುತ್ತದೆ. 4ಕೆ, ಫುಲ್ ಎಚ್.ಡಿ. ಎಂಬುದು ಪಾತ್ರೆಯ ಅಳತೆ. ಕಾಳು ಜೊಳ್ಳೋ ಗಟ್ಟಿಯೋ ಅದು ಹೇಳುವುದಿಲ್ಲ.

ಮೊಮ್ಮಗನ ಆಟದಲ್ಲೇ ಈ ಆಯ್ಕೆಯನ್ನು ಆಡುವವನ ಕೈಗೆ ಬಿಟ್ಟಿದ್ದಾರೆ. ‘ಕ್ವಾಲಿಟಿ’ ಎಂದು ಒತ್ತಿದರೆ ಎಲೆ, ಕಲ್ಲು, ನೆರಳುಗಳೆಲ್ಲ ಹೆಚ್ಚು ಸೂಕ್ಷ್ಮ, ಆದರೆ ಸೆಕೆಂಡಿಗೆ 30 ಚಿತ್ರ. ‘ಪರ್ಫಾರ್ಮೆನ್ಸ್’ ಎಂದರೆ 60 ಚಿತ್ರ, ಸೂಕ್ಷ್ಮ ಸ್ವಲ್ಪ ಕಡಿಮೆ.

ಇದು ಹೊಸ ಕಥೆಯೂ ಅಲ್ಲ. 1987ರಲ್ಲಿ ರಾಮಾಯಣ ನೋಡಲು ನಮ್ಮ ಓಣಿಯವರೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದ ಕಾಲದ ದೂರದರ್ಶನದ ಚಿತ್ರಕ್ಕೆ 625 ಗೆರೆಗಳು. ಅಷ್ಟನ್ನೂ ಒಂದೇ ಸಲಕ್ಕೆ ಕಳಿಸುತ್ತಿರಲಿಲ್ಲ. ಒಮ್ಮೆ ಬೆಸ ಗೆರೆ, ಮರುಕ್ಷಣ ಸಮ ಗೆರೆ, ಹೀಗೆ ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ. ನಮ್ಮ ಕಣ್ಣು ಅದನ್ನು ಇಡಿಯಾಗಿ ಕಂಡು ಕೈ ಮುಗಿಯುತ್ತಿತ್ತು. 2016ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 4 ಪ್ರೋ ಎಂಬ ಪೆಟ್ಟಿಗೆ ಅನೇಕ ಆಟಗಳಲ್ಲಿ ಮಾಡಿದ್ದೂ ಅದರ ದಾಯಾದಿ ಉಪಾಯವೇ. ಚದುರಂಗದ ಮಣೆಯಲ್ಲಿ ಕಪ್ಪು ಮನೆ ಮಾತ್ರ ತುಂಬಿದ ಹಾಗೆ ಅರ್ಧ ಚುಕ್ಕಿ ಬಿಡಿಸಿ, ಉಳಿದರ್ಧವನ್ನು ಹಿಂದಿನ ಚಿತ್ರ ನೋಡಿ ಅಂದಾಜಿನಲ್ಲಿ ತುಂಬುವುದು.

ಹೇಲೋ ಆಟದ ಲೆಕ್ಕ

ಈ ಚೌಕಾಸಿ ಬಯಲಿಗೆ ಬಂದ ಒಂದು ಪ್ರಸಂಗವನ್ನು ವಿವರವಾಗಿ ಹೇಳಲೇಬೇಕು. ಮೊಮ್ಮಗ ರಾಜಿಯಾದ ಮೇಲೆ ಹೇಳಿದ್ದು, ನಾನೂ ಆಮೇಲೆ ಓದಿ ಖಾತ್ರಿ ಮಾಡಿಕೊಂಡೆ. 2007ರ ಸೆಪ್ಟೆಂಬರಿನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಹೇಲೋ 3 ಎಂಬ ಆಟ ಬಂತು. (ಅದು ಹೊಡಿ-ಬಡಿ ಆಟವೇ. ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ, ಮಕ್ಕಳಿಗೆ ತೆಗೆದುಕೊಡಿ ಎಂದಲ್ಲ.) ಆಗಿನ ಎಚ್.ಡಿ. ಎಂದರೆ ಅಡ್ಡಕ್ಕೆ 1280, ಉದ್ದಕ್ಕೆ 720. ಕೆಲವು ಚಿಕಿತ್ಸಕ ಬುದ್ಧಿಯ ಆಟಗಾರರು ಆಟದ ಚಿತ್ರಗಳನ್ನು ದೊಡ್ಡದು ಮಾಡಿ, ಓರೆ ಅಂಚುಗಳಲ್ಲಿ ಕಾಣುವ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದರು. ಲೆಕ್ಕ 1152ಕ್ಕೆ 640 ಬಂತು! ಅಂದರೆ 9,21,600 ಚುಕ್ಕಿ ಇರಬೇಕಾದಲ್ಲಿ 7,37,280. ನೂರಕ್ಕೆ ಇಪ್ಪತ್ತು ಖೋತಾ. ಉಳಿದದ್ದನ್ನು ಪೆಟ್ಟಿಗೆ ಹಿಗ್ಗಿಸಿ ತೋರಿಸುತ್ತಿತ್ತು. ಮೋಸ ಎಂದು ಗಲಾಟೆಯೆದ್ದಿತು.

ಆಟ ಮಾಡಿದ ಬಂಜಿ ಕಂಪನಿಯವರು ಅಡಗಿಸಲಿಲ್ಲ, ಒಪ್ಪಿಕೊಂಡರು. ಒಂದೊಂದು ಚಿತ್ರವನ್ನೂ ಅವರು ಎರಡೆರಡು ಪ್ರತಿ ಬಿಡಿಸುತ್ತಿದ್ದರು. ತೀರ ಪ್ರಖರವಾದ ಬೆಳಕಿಗೆ ಒಂದು, ಮಂದ ಬೆಳಕಿಗೆ ಇನ್ನೊಂದು, ಕೊನೆಗೆ ಎರಡನ್ನೂ ಸೇರಿಸಿ ಒಂದು. ಬಿಸಿಲಿನಿಂದ ಗುಹೆಯೊಳಗೆ ಹೋದರೂ ಕಣ್ಣಿಗೆ ಹಿತವಾಗಿ ಕಾಣಲೆಂದು ಇಷ್ಟೆಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಚಿತ್ರ ಬಿಡಿಸುವ ಭಾಗದ ಪಕ್ಕದ ವೇಗದ ಗೋದಾಮು ಬರೇ 10 ಮೆಗಾಬೈಟ್. ಎರಡು ಪ್ರತಿ ಇಡಬೇಕಾದರೆ ಚುಕ್ಕಿ ಕಡಿಮೆ ಮಾಡದೆ ಹೇಗೆ? ಬೆಳಕು ಬೇಕೋ, ಸಂಖ್ಯೆ ಬೇಕೋ ಎಂದಾಗ ಬೆಳಕನ್ನು ಆರಿಸಿಕೊಂಡರು. ಮೆಟ್ಟಿಲು ಎಣಿಸುವವರೆಗೆ ಆಡುತ್ತಿದ್ದವರು ಯಾರಿಗೂ ಅದು ಕೊರತೆಯಾಗಿ ಕಂಡಿರಲಿಲ್ಲ ಎಂಬುದನ್ನು ನಾನು ವ್ಯಾಪಾರಿಯಾಗಿ ಗುರುತು ಹಾಕಿಕೊಂಡೆ. ಎಣಿಸಿದವರದ್ದೂ ತಪ್ಪಲ್ಲ. ಡಬ್ಬಿಯ ಮೇಲೆ ಬರೆದ ತೂಕ ಒಳಗೂ ಇರಬೇಕೆಂದು ಕೇಳುವ ಹಕ್ಕು ಗಿರಾಕಿಗೆ ಉಂಟು.

ಸಂಖ್ಯೆಯ ಮೇಲಿನ ಜಗಳ ಅಲ್ಲಿಗೆ ನಿಲ್ಲಲಿಲ್ಲ. 2013ರಲ್ಲಿ ಒಂದೇ ಆಟ ಒಂದು ಕಂಪನಿಯ ಪೆಟ್ಟಿಗೆಯಲ್ಲಿ 1080, ಇನ್ನೊಂದರಲ್ಲಿ 720 ಎಂದು ಜಗತ್ತಿನ ಹುಡುಗರೆಲ್ಲ ಕಚ್ಚಾಡಿದರಂತೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ರಟ್ಟಿನ ಡಬ್ಬಿಯ ಮೇಲೆ 8ಕೆ ಎಂಬ ಗುರುತೂ ಇತ್ತು. 8ಕೆ ಎಂದರೆ 4ಕೆಯ ಮತ್ತೆ ನಾಲ್ಕು ಪಟ್ಟು. ಆ ಲೆಕ್ಕದಲ್ಲಿ ನಿಜವಾಗಿ ಬಿಡಿಸುವ ಆಟ ಹುಡುಕಿದರೂ ಸಿಗುವುದು ಕಷ್ಟ. 2024ರ ಹೊತ್ತಿಗೆ ಡಬ್ಬಿಯಿಂದ ಆ ಗುರುತು ಸದ್ದಿಲ್ಲದೆ ಮಾಯವಾಯಿತು. ಅದೇ ವರ್ಷ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋ (ಬಿಡುಗಡೆಯ ಹೊತ್ತಿಗೆ ಭಾರತಕ್ಕೆ ಬರಲಿಲ್ಲ) ಕಡಿಮೆ ಚುಕ್ಕಿ ಬಿಡಿಸಿ, ಕಲಿತ ಯಂತ್ರಬುದ್ಧಿಯಿಂದ 4ಕೆಗೆ ಹಿಗ್ಗಿಸುವುದನ್ನೇ ತನ್ನ ಹೆಚ್ಚುಗಾರಿಕೆ ಎಂದು ಹೇಳಿಕೊಂಡಿತು. ಇದು ಕಲಬೆರಕೆಯೇ ಎಂದು ನನ್ನನ್ನು ಕೇಳಿದರೆ, ಕಾಫಿಪುಡಿಗೆ ಚಿಕೋರಿ ಬೆರೆಸಿದ ಹಾಗೆ ಎನ್ನುತ್ತೇನೆ. ಪೊಟ್ಟಣದ ಮೇಲೆ ಎಷ್ಟು ಪಾಲು ಎಂದು ಬರೆದಿದ್ದರೆ ಅದು ವ್ಯಾಪಾರ, ಬರೆಯದಿದ್ದರೆ ಕಲಬೆರಕೆ.

ಜಗಲಿಯಲ್ಲಿ ನಿಂತ ಪರೀಕ್ಷೆ

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ಕಾಫಿಯ ರುಚಿ ನೋಡುವವರು ಲೋಟಗಳ ಮೇಲೆ ತೋಟದ ಹೆಸರು ಬರೆದಿಡುವುದಿಲ್ಲ. ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ಹಾಗೆಯೇ ಕಣ್ಣಿಗೂ ಒಂದು ಪರೀಕ್ಷೆ ಇಡೋಣ ಎಂದು ನಾನೇ ಮೊಮ್ಮಗನ ಹತ್ತಿರ ಹೋದೆ. ಮೂರನೆಯ ದಿನ ಪುನಃ ಬತ್ತೇರಿಗೆ ಹೋಗಿ, ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಕುಳಿತೆವು. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ 1080 ಮತ್ತು 2160 ಎಂದು ಬದಲಾಯಿಸಬಹುದು. ತಮ್ಮನ ಮಗಳು ನಾಣ್ಯ ಚಿಮ್ಮಿ ಅದರಂತೆ ಬದಲಾಯಿಸುವುದು, ಅಷ್ಟು ಹೊತ್ತು ನಾವು ಮೂವರು ಜಗಲಿಯಲ್ಲಿ ನಿಲ್ಲುವುದು, ಒಳಗೆ ಬಂದು ಚೀಟಿಯಲ್ಲಿ ಬರೆಯುವುದು. ಹೀಗೆ ಹತ್ತು ಸಲ. ನಾನೂ ನಮ್ಮ ಮನೆಯವರೂ ಸೋಫಾದಲ್ಲಿ, ಹುಡುಗ ನೆಲದಲ್ಲಿ, ಅವನವನ ಜಾಗದಲ್ಲೇ.

ಚೀಟಿ ಬಿಡಿಸಿದಾಗ ನನ್ನದು ಹತ್ತರಲ್ಲಿ ನಾಲ್ಕು ಸರಿ. ನಾಣ್ಯ ಚಿಮ್ಮಿದ್ದರೂ ಐದು ಬರುತ್ತಿತ್ತು. ನಮ್ಮ ಮನೆಯವರದು ಆರು. ಹುಡುಗನದು ಒಂಬತ್ತು.

ಅವನನ್ನು ಹತ್ತಿರ ಕರೆದು, ಎಲ್ಲರೂ ಇರುವಾಗಲೇ, ‘ನಾನು ಹೇಳಿದ ಮಾತು ತಪ್ಪು ಮಗಾ, ಕ್ಷಮಿಸು’ ಎಂದೆ. ಕ್ಷಮಾವಣಿಯ ದಿನದವರೆಗೆ ಅದನ್ನು ಹೊತ್ತುಕೊಂಡು ಇರುವುದು ನನಗೆ ಬೇಡವಾಗಿತ್ತು. ಹುಡುಗನಿಗೆ ನಾಚಿಕೆಯಾಯಿತು. ‘ಅದಿರಲಿ ಅಜ್ಜಾ, ನೀವು ಇಲ್ಲಿ ಬಂದು ಕೂತು ನೋಡಿ’ ಎಂದು ನೆಲದ ಮೇಲೆ ಜಾಗ ಮಾಡಿಕೊಟ್ಟ. ಮಂಡಿ ಮಡಚಿ ಕುಳಿತೆ. ನಿಜ, ಎಲೆಗಳು ಬೇರೆ ಬೇರೆ ಇದ್ದವು.

ಹಾಗಾದರೆ ಇಬ್ಬರಲ್ಲಿ ಸುಳ್ಳು ಹೇಳಿದ್ದು ಯಾರು? ಟೇಪು ತರಿಸಿ ಅಳೆದೆ. ಸೋಫಾದಿಂದ ಟಿ.ವಿ.ಗೆ 10 ಅಡಿ, ಹುಡುಗನ ಜಾಗದಿಂದ 5 ಅಡಿ. ಕಣ್ಣಿನ ಡಾಕ್ಟರು ಗೋಡೆಯ ಮೇಲೆ ತೋರಿಸುವ ಅಕ್ಷರಗಳ ಹಿಂದೆ ಒಂದು ಲೆಕ್ಕ ಉಂಟು. ಒಳ್ಳೆಯ ಕಣ್ಣು ದೂರದ ಸುಮಾರು 3400ರಲ್ಲಿ ಒಂದು ಪಾಲಿನಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು, ಅದಕ್ಕಿಂತ ಸಣ್ಣದು ಪಕ್ಕದ್ದರೊಡನೆ ಬೆರೆತುಹೋಗುತ್ತದೆ. 10 ಅಡಿಗೆ ಅದು ಸುಮಾರು 0.89 ಮಿಲಿಮೀಟರ್. 55 ಇಂಚಿನ ಪರದೆಯಲ್ಲಿ ಫುಲ್ ಎಚ್.ಡಿ.ಯ ಒಂದು ಚುಕ್ಕಿ 0.63, 4ಕೆಯದು 0.32. ಎರಡೂ ನನ್ನ ಕಣ್ಣಿನ ಮಿತಿಗಿಂತ ಸಣ್ಣದು! ಪೊರೆ ತೆಗೆಸದ ಎಳೆಯ ಕಣ್ಣಿದ್ದರೂ ಸೋಫಾದಿಂದ ವ್ಯತ್ಯಾಸ ಹಿಡಿಯುವುದು ಕಷ್ಟ. 5 ಅಡಿಗೆ ಬಂದರೆ ಮಿತಿ 0.44ಕ್ಕೆ ಇಳಿಯಿತು. ಅಲ್ಲಿ 0.63ರ ಚುಕ್ಕಿ ಕಣ್ಣಿಗೆ ಸಿಗುತ್ತದೆ, 0.32ರದು ಸಿಗುವುದಿಲ್ಲ. ಅಂದರೆ ಇಬ್ಬರೂ ನಿಜವನ್ನೇ ಹೇಳಿದ್ದೆವು, ಐದಡಿ ಅಂತರದಲ್ಲಿ ಕುಳಿತು. (ಓರೆ ಅಂಚಿನ ಮೆಟ್ಟಿಲು, ತಂತಿಬೇಲಿಯ ಮಿನುಗಾಟ ಇಂಥವನ್ನು ಕಣ್ಣು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ಈ ಲೆಕ್ಕ ತಕ್ಕಡಿಯಷ್ಟು ಕರಾರುವಾಕ್ಕಲ್ಲ.)

ಮತ್ತೆ 30 ಮತ್ತು 60ರ ಪರೀಕ್ಷೆ. ಸುಮ್ಮನೆ ನೋಡುತ್ತಾ ಕುಳಿತಾಗ ನನಗೆ ಆರು ಸರಿ ಬಂತು. ಕಂಟ್ರೋಲರ್ ನನ್ನ ಕೈಗೇ ಕೊಟ್ಟಾಗ ಹತ್ತಕ್ಕೆ ಹತ್ತು! ನಮ್ಮ ತಾಮರಶ್ಶೇರಿ ಚುರದ ಒಂಬತ್ತು ತಿರುವುಗಳಲ್ಲಿ ಮೂಟೆ ತುಂಬಿದ ಜೀಪನ್ನು ಮಂಜಿನಲ್ಲಿ ಇಳಿಸಿ ಕೋಝಿಕ್ಕೋಡಿಗೆ ಒಯ್ದವನು ನಾನು. ಸ್ಟಿಯರಿಂಗಿನಲ್ಲಿ ಆಟ ಬಂದಿದ್ದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. 30ರಲ್ಲಿ ಹಾಗೇ ಆಯಿತು, ತಿರುಗಿಸಿದ್ದು ತುಸು ತಡವಾಗಿ ಕಂಡಿತು. ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ 30ರ ಲೆಕ್ಕದಲ್ಲಿ ಮೂರು ಅಡಿ ಓಡಿರುತ್ತದೆ, 60ರಲ್ಲಿ ಒಂದೂವರೆ. ಚುರದ ತಿರುವಿನಲ್ಲಿ ಒಂದೂವರೆ ಅಡಿ ಎಂದರೇನೆಂದು ವಯನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹುಡುಗನೂ ಸ್ಪರ್ಧೆಗೆ 60, ಸುಮ್ಮನೆ ಊರು ಸುತ್ತಿ ಚಿತ್ರ ತೆಗೆಯುವುದಕ್ಕೆ 30 ಎಂದು ಇಟ್ಟುಕೊಂಡಿದ್ದಾನೆ.

ಆ ಕಾರುಗಳ ಬಗ್ಗೆ ಒಂದು ಮಾತು. ಇಂಥ ಆಟಗಳ ಕಾರು, ಕಟ್ಟಡಗಳನ್ನು ರೂಪಿಸುವ ಕೆಲಸ ಬಹಳಷ್ಟು ನಮ್ಮ ಬೆಂಗಳೂರಿನಲ್ಲಿ ನಡೆದಿದೆ. ರಾಜೇಶ್ ರಾವ್ ಅವರು 1997ರಲ್ಲಿ ಅಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಫೋರ್ಜಾ ಹೊರೈಜನ್ ಸಾಲಿನ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತ್ತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್‌ನವರು ಕೊಂಡರು. ಕಾಫಿ ಕ್ಯೂರಿಂಗ್‌ನವರು ಪರರ ಕಾಫಿಯನ್ನು ಕೂಲಿಗೆ ಹಸನು ಮಾಡಿಕೊಟ್ಟ ಹಾಗೆ. ಮೂಟೆಯ ಮೇಲೆ ಅವರ ಹೆಸರಿರುವುದಿಲ್ಲ. ಆದರೆ ಒಂದೊಂದು ಚುಕ್ಕಿಯ ‘ಗುಣ’ ಎಂದು ನಾನು ಹೇಳಿದ್ದು ಮೊದಲು ಹುಟ್ಟುವುದು ಇಂಥವರ ಕೈಯಲ್ಲೇ. ಅವರು ಕಾರಿನ ಬಾಗಿಲಿನ ಸಂದಿಯನ್ನು, ಸೀಟಿನ ಹೊಲಿಗೆಯನ್ನು ಬಿಡಿಸದೇ ಇದ್ದರೆ ಎಷ್ಟು ಲಕ್ಷ ಚುಕ್ಕಿ ಇದ್ದೂ ತೋರಿಸುವುದು ಏನನ್ನು?

ಹೊಸ ಟಿ.ವಿ. ತೆಗೆದೆವೇ ಎಂದು ಕೇಳುವಿರಿ. ಕೋಝಿಕ್ಕೋಡಿನ ಒಂದು ಅಂಗಡಿಗೆ ಹೋಗಿ ನೋಡಿದ್ದೂ ಆಯಿತು. ಅಲ್ಲಿ ಪ್ರತಿ ಟಿ.ವಿ.ಯನ್ನೂ ಕಣ್ಣು ಕುಕ್ಕುವ ಬಣ್ಣದಲ್ಲಿ ಇಟ್ಟಿದ್ದರು. ಎರಡು ಮಾರಿನ ದೂರದಿಂದ ನೋಡಬೇಕೆಂದರೆ ಹಿಂದೆ ಫ್ರಿಜ್ಜುಗಳ ಸಾಲು. ಆಟಕ್ಕೆ ಎಷ್ಟು ತಡವಾಗುತ್ತದೆ ಎಂದು ಕೇಳಿದರೆ ಹುಡುಗ ಮತ್ತೆ ಮತ್ತೆ 4ಕೆ ಎಂದೇ ಹೇಳಿದ. ವಾಪಸು ಬಂದೆವು.

ಮನೆಯಲ್ಲಿ ನಮ್ಮ ಹಳೆಯ 43 ಇಂಚಿನದನ್ನೇ ಅಳೆದೆವು. ಅದರ ಚುಕ್ಕಿ ಸುಮಾರು 0.50 ಮಿಲಿಮೀಟರ್. ಹುಡುಗ ಕುಳಿತುಕೊಳ್ಳುವ 4 ಅಡಿಗೆ ಕಣ್ಣಿನ ಮಿತಿ 0.35, ಕಲಸಿದ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. 6 ಅಡಿಗೆ ಹೋದರೆ ಮಿತಿ 0.53, ಚುಕ್ಕಿ ಮರೆಯಾಗಬೇಕು. ಸೀಮೆಸುಣ್ಣದಿಂದ ನೆಲದ ಮೇಲೆ 6 ಅಡಿಗೆ ಒಂದು ಗೆರೆ ಎಳೆದು ಚಾಪೆಯನ್ನು ಅದರ ಹಿಂದಕ್ಕೆ ಸರಿಸಿದೆವು. ಟಿ.ವಿ.ಯ ಸೆಟ್ಟಿಂಗಿನಲ್ಲಿ ‘ಗೇಮ್’ ಎಂಬ ಆಯ್ಕೆ ಇದ್ದದ್ದು ಒಂಬತ್ತು ವರ್ಷ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಅದನ್ನು ಹಾಕಿದರೆ ಟಿ.ವಿ. ಚಿತ್ರಕ್ಕೆ ಮಾಡುವ ಅಲಂಕಾರಗಳನ್ನೆಲ್ಲ ಬಿಟ್ಟು ಬಂದದ್ದನ್ನು ಬಂದ ಹಾಗೆ ಬೇಗ ತೋರಿಸುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ನೀವೂ ಮೊದಲು ಮಾಡಿ ನೋಡಿ. ಪೆಟ್ಟಿಗೆಯ ಹೆಚ್ಚಿನ ಚುಕ್ಕಿಗಳೂ ಪೂರ್ತಿ ದಂಡವಲ್ಲ. ಅನೇಕ ಆಟಗಳಲ್ಲಿ ಅದು ಹೆಚ್ಚು ಚುಕ್ಕಿ ಬಿಡಿಸಿಯೇ ಫುಲ್ ಎಚ್.ಡಿ.ಗೆ ಕುಗ್ಗಿಸಿ ಕೊಡುವುದರಿಂದ ಅಂಚುಗಳು ನುಣುಪಾಗುತ್ತವೆ. ಉಳಿದ ಹಣದಲ್ಲಿ ಸ್ವಲ್ಪ ಖರ್ಚು ಮಾಡಿ ಒಂದು ಯು.ಪಿ.ಎಸ್. ತಂದೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದು ನಿಮಗೆ ಗೊತ್ತೇ ಇದೆ.

ಮೊಮ್ಮಗ ಗೆರೆಯ ಹಿಂದೆ ಕುಳಿತು ಆಡಿದ. ‘ಎಲೆ ಈಗ ಸರಿ ಕಾಣುತ್ತೆ ಅಜ್ಜಾ, ಆದರೆ ಟಿ.ವಿ.ಯೇ ಸಣ್ಣದಾಯಿತಲ್ಲ’ ಎಂದ. ಅದೂ ನಿಜ. ಕಾಫಿ ಕೊಯ್ಲು ಮುಗಿಯಲಿ, ನೋಡುವ ಎಂದಿದ್ದೇನೆ. ಬೆಂಗಳೂರಿನಿಂದ ಫೋನು ಮಾಡಿದಾಗಲೆಲ್ಲ ಕೊಯ್ಲು ಎಷ್ಟಾಯಿತು ಎಂದು ಕೇಳುತ್ತಾನೆ, ಕನ್ನಡದಲ್ಲೇ. ಗೆರೆಯನ್ನು ನಮ್ಮ ಮನೆಯವರು ನೆಲ ಒರೆಸುವಾಗ ಎರಡು ಸಲ ಅಳಿಸಿದರು, ಎರಡು ಸಲವೂ ಅವರೇ ಟೇಪು ಹಿಡಿದು ಪುನಃ ಎಳೆದಿದ್ದಾರೆ.